ಕ್ಯೂಬ್ ಗಟ್ಟಿ ಇದೆ, ಚಿಂತೆ ಬಿಡಿ

ಸೇತುವೆಯೋ ಮೆಟ್ರೊ ಕಂಬವೋ, ಕಟ್ಟುವ ಜಾಗದಲ್ಲಿ ಎಲ್ಲರಿಗಿಂತ ಜಾಸ್ತಿ ಮರ್ಯಾದೆ ಸಿಗುವುದು ಕ್ಯೂಬಿಗೆ. ಉದ್ದ, ಅಗಲ, ಎತ್ತರ ಎಲ್ಲಾ 150 ಮಿ.ಮೀ. ಇರುವ ಕಾಂಕ್ರೀಟ್ ತುಂಡು. ತೂಕ ಸುಮಾರು 8 ಕೆ.ಜಿ. ಲಾರಿಯಲ್ಲಿ ಬಂದ ಕಾಂಕ್ರೀಟಿನಿಂದಲೇ ಒಂದಿಷ್ಟು ತೆಗೆದು ಅಚ್ಚಿಗೆ ತುಂಬಬೇಕು. 28ನೇ ದಿನ ಯಂತ್ರದಲ್ಲಿಟ್ಟು ಅದುಮಿ ಒಡೆಯಬೇಕು. ಎಷ್ಟು ಒತ್ತಡಕ್ಕೆ ಒಡೆಯಿತೋ ಅದೇ ಆ ಕಾಂಕ್ರೀಟಿನ ಬಲದ ಅಂಕ.

ಆ 28 ದಿನ ಅದಕ್ಕೆ ನಡೆಯುವುದು ಸಾಕ್ಷಾತ್ ಬಾಣಂತನ. ಹದವಾದ ನೀರಿನ ತೊಟ್ಟಿ. ನೀರು ಬಿಸಿಯಾಗಬಾರದು, ತೀರಾ ತಣ್ಣಗೂ ಆಗಬಾರದು. ಅದೇ ಲಾರಿಯಿಂದ ಇಳಿದ ಒಡಹುಟ್ಟು ಮಾತ್ರ ಕಂಬವಾಗಿ ಬಿಸಿಲಲ್ಲಿ ನಿಂತಿರುತ್ತದೆ. ಅದಕ್ಕೆ ಒದ್ದೆ ಗೋಣಿ ಸುತ್ತಿದ ಫೋಟೊ ಫೈಲಿನಲ್ಲಿದೆ. ಗೋಣಿ ಮುಂದಿನ ಕಂಬದ ಫೋಟೊಗೆ ಹೋಗಿದೆ.

ಒಂದೇ ಲಾರಿಯ ಮೂರು ಕ್ಯೂಬುಗಳು ಒಂದೇ ಅಂಕಕ್ಕೆ ಒಡೆಯುವುದು ಅಪರೂಪ. ಅದಕ್ಕೇ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456, ಸರಾಸರಿಯಿಂದ ಶೇ 15ರಷ್ಟು ಆಚೆ ಈಚೆ ಆದರೂ ಒಪ್ಪುತ್ತದೆ. ಆದರೆ ಕೆಲವು ಫೈಲುಗಳಲ್ಲಿ 38.2, 38.1, 38.2 ಎಂದು ತಿಂಗಳುಗಟ್ಟಲೆ ಓಡುತ್ತದೆ. ಜಲ್ಲಿ, ಮರಳು, ಮಳೆ ಎಲ್ಲವೂ ಅಷ್ಟು ಶಿಸ್ತು ಕಲಿತಿವೆ!

ಈ ಕಲೆಯಲ್ಲಿ ಹಾಂಗ್‌ಕಾಂಗ್‌ ಲ್ಯಾಬೊಂದು ಎಲ್ಲರನ್ನೂ ಮೀರಿಸಿತು. ಹಾಂಗ್‌ಕಾಂಗ್–ಝುಹಾಯ್–ಮಕಾವ್ ಸೇತುವೆ ಕಾಮಗಾರಿಯ ಕಾಂಕ್ರೀಟ್ ವರದಿ ತಿರುಚಿದ ಆರೋಪದ ಮೇಲೆ 2017ರಲ್ಲಿ ಅಲ್ಲಿನ ಭ್ರಷ್ಟಾಚಾರ ನಿಗ್ರಹ ಆಯೋಗ 21 ಜನರನ್ನು ಬಂಧಿಸಿತು. ಒಡೆಯುವ ದಿನ ತಪ್ಪಿಹೋದರೆ ಯಂತ್ರದ ಗಡಿಯಾರವನ್ನೇ ಹಿಂದಕ್ಕೆ ತಿರುಗಿಸುತ್ತಿದ್ದರಂತೆ. ಕಾಂಕ್ರೀಟಿಗೆ ವಯಸ್ಸಾದಷ್ಟೂ ಬಲ ಏರುತ್ತದೆ, ಹಾಗಾಗಿ ತಡವಾದರೆ ಯಾರಿಗೂ ನಷ್ಟವಿಲ್ಲ ಅಲ್ವಾ? ಇನ್ನೂ ಸೊಗಸಾದ ಆರೋಪ ಒಂದಿತ್ತು. ಕ್ಯೂಬಿನ ಬದಲು, ಯಂತ್ರ ಸರಿಯಿದೆಯೇ ಎಂದು ನೋಡಲು ಇಟ್ಟಿರುವ ಲೋಹದ ತುಂಡನ್ನೇ ಒಳಗಿಟ್ಟು ಅದುಮಿದರಂತೆ. ಲೋಹ ಒಡೆಯುವ ಗೋಜೇ ಇಲ್ಲ. ಬೇಕಾದ ಅಂಕ ಬಂದ ತಕ್ಷಣ ನಿಲ್ಲಿಸಿದರಾಯಿತು. ಕಸವೂ ಇಲ್ಲ, ಗುಡಿಸುವ ಕೆಲಸವೂ ಇಲ್ಲ. ಸುದ್ದಿ ಹೊರಬಿದ್ದ ಮೇಲೆ ಸರ್ಕಾರದವರು ಕಟ್ಟಿದ ಕಾಂಕ್ರೀಟನ್ನೇ ಪರೀಕ್ಷಿಸಲು ಹೊರಟರು. ಅಂತೂ ಯಾರಿಗೋ ಸೇತುವೆಯ ನೆನಪಾಯಿತು.

ಅಮೆರಿಕದ ಬಾಸ್ಟನ್ನಿನಲ್ಲಿ ಬಿಗ್ ಡಿಗ್ ಎಂಬ ರಸ್ತೆ ಸುರಂಗಕ್ಕೆ ಕಾಂಕ್ರೀಟ್ ಪೂರೈಸಿದವರು ಇಷ್ಟು ಕಷ್ಟಪಡಲಿಲ್ಲ. ಕಲಸಿ ಹೊತ್ತು ಮೀರಿ ಹಳಸಿದ ಕಾಂಕ್ರೀಟಿಗೆ, ಈಗಷ್ಟೇ ಕಲಸಿದ್ದು ಎಂದು ಹೊಸ ಚೀಟಿ ಬರೆದರು. 2007ರಲ್ಲಿ ಪೂರೈಕೆದಾರ ಕಂಪನಿ 5 ಕೋಟಿ ಡಾಲರ್ ಕಟ್ಟಲು ಒಪ್ಪಿತು.

ಅಂದಹಾಗೆ, ಎಷ್ಟೋ ಕಡೆ ಲ್ಯಾಬಿನ ಬಿಲ್ಲು ಕಟ್ಟುವುದು ಗುತ್ತಿಗೆದಾರರೇ. ಬಿಲ್ಲು ಕಟ್ಟುವವರಿಗೆ ಬೇಜಾರಾಗುವ ಅಂಕ ಕೊಟ್ಟರೆ ಮುಂದಿನ ಕ್ಯೂಬು ಬೇರೆ ಲ್ಯಾಬಿಗೆ ಹೋಗುತ್ತದೆ.

ಅನುಮಾನ ಬಂದರೆ ಕಟ್ಟಿದ್ದನ್ನೇ ಕೊರೆದು ಕೋರ್, ಅಂದರೆ ಉರುಳೆಯಾಕಾರದ ತುಂಡು, ತೆಗೆಯುವ ದಾರಿಯೂ ಇದೆ. ಅಲ್ಲಿ ನಿಯಮವೂ ಕರುಣಾಮಯಿ. ಕೋರ್‌ಗಳ ಸರಾಸರಿ, ಕ್ಯೂಬಿಗೆ ಹೇಳಿದ ಬಲದ ಶೇ 85ರಷ್ಟಿದ್ದು, ಯಾವ ಕೋರೂ ಶೇ 75ಕ್ಕಿಂತ ಕೆಳಗಿಳಿಯದಿದ್ದರೆ ಪಾಸು. ತೊಟ್ಟಿಯಲ್ಲಿ ಬೆಳೆದದ್ದಕ್ಕೂ ಬಿಸಿಲಲ್ಲಿ ಬೆಳೆದದ್ದಕ್ಕೂ ವ್ಯತ್ಯಾಸವಿದೆ ಎಂಬುದು ನಿಯಮ ಬರೆದವರಿಗೂ ಗೊತ್ತು. ಇನ್ನು ಎಲ್ಲಿ ಕೊರೆಯಬೇಕು ಎಂಬ ಚರ್ಚೆ. ತಪಾಸಣೆಗೆ ಬಂದವರು ಸುತ್ತಲೂ ನೋಡುತ್ತಾರೆ. ಗುತ್ತಿಗೆದಾರರ ಇಂಜಿನಿಯರ್ ಸೀಮೆಸುಣ್ಣ ಹಿಡಿದು ಆಗಲೇ ಗುರುತು ಹಾಕಿ ನಿಂತಿರುತ್ತಾರೆ. "ಇಲ್ಲಿ ಕೊರೀರಿ ಸಾರ್, ಇಲ್ಲಿ ಚೆನ್ನಾಗಿ ಬಂದಿದೆ."