ಬಿಟ್ಟರೆ ಐವತ್ತೇ ರೂಪಾಯಿ

ಸಾಕಿದ ನಾಯಿಯನ್ನು ರಿಂಗ್ ರಸ್ತೆಯ ಅಂಚಿಗೆ ಇಳಿಸಿ, ಕಾರಿನ ಗಾಜು ಏರಿಸಿಕೊಂಡು ಮನೆಗೆ ಬಂದರೆ ದಂಡ ಎಷ್ಟು? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಮೊದಲ ತಪ್ಪಿಗೆ ಕನಿಷ್ಠ 10 ರೂಪಾಯಿ, ಗರಿಷ್ಠ 50. ಬೆಂಗಳೂರಿನಲ್ಲಿ ಮಸಾಲೆ ದೋಸೆ ತಿಂದರೂ ಇದಕ್ಕಿಂತ ಜಾಸ್ತಿ ಬಿಲ್ಲಾಗುತ್ತದೆ. ನೆಹರೂ ಪ್ರಧಾನಿಯಾಗಿದ್ದ ಕಾಲಕ್ಕೆ ಅದು ಜೇಬಿಗೆ ಬಿಸಿ ಮುಟ್ಟಿಸುವ ದುಡ್ಡೇ. ಆಮೇಲೆ ಚಿನ್ನ, ಸೈಟು, ಸಿನಿಮಾ ಟಿಕೆಟ್ಟು ಎಲ್ಲವೂ ಏರಿದವು. ನಾಯಿ ಬಿಡುವ ದರವೊಂದನ್ನು ಮಾತ್ರ ಬಂದ ಸರ್ಕಾರಗಳೆಲ್ಲ ಜನಸಾಮಾನ್ಯರ ಕೈಗೆಟುಕುವಂತೆ ಜೋಪಾನ ಮಾಡಿಕೊಂಡು ಬಂದಿವೆ. 2022ರಲ್ಲಿ ದಂಡ ಹೆಚ್ಚಿಸಲು ಒಂದು ಕರಡು ಬಂತು. ಸಾರ್ವಜನಿಕರ ಅಭಿಪ್ರಾಯವನ್ನೂ ಕೇಳಿದರು. ಕೇಳಿದ್ದಷ್ಟೇ.

ಕಾಯ್ದೆಯಲ್ಲಿ ಇನ್ನೊಂದು ಸೌಲಭ್ಯವೂ ಇದೆ. ಎರಡನೇ ತಪ್ಪಿಗೆ 100 ರೂಪಾಯಿವರೆಗೆ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅನ್ನುತ್ತದಾದರೂ, ಅದು ಮೂರು ವರ್ಷದೊಳಗೆ ಮಾಡಿದರೆ ಮಾತ್ರ. ಸ್ವಲ್ಪ ತಾಳ್ಮೆಯಿಂದ ಬಿಟ್ಟರೆ ಲೆಕ್ಕ ಮತ್ತೆ ಒಂದರಿಂದ ಶುರು. ಅದೂ ‘ಸಕಾರಣವಿಲ್ಲದೆ’ ಬಿಟ್ಟರಷ್ಟೇ ಅಪರಾಧ. ಕಾರಣಕ್ಕೆ ನಮ್ಮಲ್ಲಿ ಬರವೇ? ಆನ್‌ಸೈಟ್ ಸಿಕ್ಕಿದೆ, ಸೊಸೆಗೆ ಏಳನೇ ತಿಂಗಳು, ಹೊಸ ಸೋಫಾ ಕಪ್ಪು ಬಣ್ಣದ್ದು, ಉದುರುವ ಕೂದಲು ಬಿಳಿ.

ಸಾಕಲು ಹೊರಟವನ ಪಾಡು ಬೇರೆ. ಆಶ್ರಯ ಕೇಂದ್ರಕ್ಕೆ ಹೋಗಿ ಒಂದು ಮರಿ ಕೊಡಿ ಅಂದರೆ ಮೊದಲು ಕೈಗೆ ಫಾರಂ ಬರುತ್ತದೆ. ಮನೆ ಸ್ವಂತದ್ದೋ ಬಾಡಿಗೆಯೋ, ಮಾಲೀಕರ ಒಪ್ಪಿಗೆ ಪತ್ರ ಎಲ್ಲಿ, ಹಗಲು ಮನೆಯಲ್ಲಿ ಯಾರಿರುತ್ತಾರೆ, ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ, ಬಾಲ್ಕನಿಗೆ ಜಾಲರಿ ಇದೆಯೇ. ಕೇಳುವುದು ತಪ್ಪಲ್ಲ, ಬಿಟ್ಟುಹೋದ ನಾಯಿಗಳ ನಡುವೆಯೇ ಕೂತವರು ಅವರು, ಕೇಳದೆ ಏನು ಮಾಡಿಯಾರು? ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಅಂತೂ ಪ್ರಶ್ನೆಯನ್ನೇ ಕೇಳುವುದಿಲ್ಲ, ನೇರ ನೋಟಿಸ್ ಅಂಟಿಸುತ್ತದೆ: ‘ನಾಯಿಗಳಿಗೆ ಲಿಫ್ಟ್ ನಿಷೇಧಿಸಲಾಗಿದೆ.’ ಬಹುಮತದ ನಿರ್ಣಯದಿಂದಲೂ ಸಾಕುಪ್ರಾಣಿ ನಿಷೇಧಿಸುವಂತಿಲ್ಲ, ಲಿಫ್ಟ್ ತಡೆಯುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಆ ಸುತ್ತೋಲೆಗೂ ಲಿಫ್ಟ್ ಹತ್ತಲು ಬಿಟ್ಟಿಲ್ಲವೇನೋ, ಹನ್ನೊಂದನೇ ಮಹಡಿಯ ಕಾರ್ಯದರ್ಶಿಯನ್ನು ಇನ್ನೂ ತಲುಪಿಲ್ಲ.

ಇಷ್ಟೆಲ್ಲ ದಾಟಿ ಬಂದ ಕುಟುಂಬಗಳು ಕೇಂದ್ರದಲ್ಲಿ ನಾಯಿ ನೋಡುವ ಶಾಸ್ತ್ರ ನಡೆಸುವುದನ್ನು ಕಣ್ಣಾರೆ ನೋಡಬೇಕು. ಕಂದು ಮೈಯ, ಸಂತಾನಹರಣ ಆಗಿದೆಯೆಂದು ಎಡಗಿವಿಯ ತುದಿ ಕತ್ತರಿಸಿದ ಹೆಣ್ಣು ನಾಯಿಯೊಂದು ಬಂದು ಯಜಮಾನರ ಪ್ಯಾಂಟಿಗೆ ಮೂಗು ಒತ್ತಿ ನಿಲ್ಲುತ್ತದೆ. ಬಾಲದ ಜೊತೆ ಅರ್ಧ ಮೈಯೂ ಅಲ್ಲಾಡುತ್ತದೆ.

“ಇದು ಬೀದೀದಾ?”

“ನಾಟಿ ತಳಿ ಸರ್. ಕಾಯಿಲೆ ಕಸಾಲೆ ಕಮ್ಮಿ, ನಮ್ಮ ಹವೆಗೆ ಸರಿ.”

“ಬೆಳ್ಳಗಿರೋದು ಇಲ್ವಾ? ಲ್ಯಾಬ್ರಡಾರ್, ಗೋಲ್ಡನ್ ಆ ಥರ... ಪೇಪರ್ಸ್ ಇರೋದು?”

ಪೇಪರ್ಸ್ ಅಂದರೆ ಕೆನಲ್ ಕ್ಲಬ್ಬಿನ ವಂಶಾವಳಿ. ತಮ್ಮ ಮುತ್ತಜ್ಜನ ಹೆಸರು ಕೇಳಿದರೆ ತಡವರಿಸುವವರಿಗೂ ನಾಯಿಯ ಮುತ್ತಜ್ಜನ ಹೆಸರು ಬೇಕು. ಜಾತಿ ಪದ್ಧತಿ ಈಗೆಲ್ಲಿದೆ ಸ್ವಾಮಿ ಎನ್ನುವ ಮಹನೀಯರೇ ಇವರು. 2020ರಲ್ಲಿ ಪ್ರಧಾನಿಯವರು ‘ಮನ್ ಕಿ ಬಾತ್’ನಲ್ಲಿ ಮುಧೋಳ ನಾಯಿಯ ಗುಣಗಾನ ಮಾಡಿದಾಗ ಗ್ರೂಪಿನಲ್ಲಿ ತ್ರಿವರ್ಣ ಧ್ವಜ ಹಾಕಿದವರೂ ಇವರೇ, ಬಳಿಕ ಮನೆಗೆ ತಂದದ್ದು ಮಾತ್ರ ಸೈಬೀರಿಯಾದ ಹಸ್ಕಿ. ಹಿಮದಲ್ಲಿ ಗಾಡಿ ಎಳೆಯುವ ಜೀವ ಏಪ್ರಿಲ್ ತಿಂಗಳಲ್ಲಿ ಬಾತ್‌ರೂಮಿನ ಟೈಲ್ಸ್ ಮೇಲೆ ಹೊಟ್ಟೆ ಹಚ್ಚಿ ಏದುಸಿರು ಬಿಡುತ್ತದೆ. ಓಡಲು ಜಾಗ ಸಿಗದೆ ರಾತ್ರಿಯಿಡೀ ಊಳಿಡುತ್ತದೆ, ಬಾಗಿಲು ಕೆರೆಯುತ್ತದೆ. ಎಸಿ ಬಿಲ್ಲು ಬಂದ ತಿಂಗಳು ಸಕಾರಣವೂ ಹುಟ್ಟುತ್ತದೆ.

ಅಂಥ ಒಬ್ಬರು ಹಸ್ಕಿಯನ್ನು ಆಶ್ರಯ ಕೇಂದ್ರಕ್ಕೆ ತಂದು ಒಪ್ಪಿಸಿದರು. ರಿಂಗ್ ರಸ್ತೆಯಲ್ಲಿ ಇಳಿಸಲಿಲ್ಲ, ಸಭ್ಯರು. ಹಗ್ಗ, ಬಟ್ಟಲು, ಉಳಿದರ್ಧ ಚೀಲ ಪೆಡಿಗ್ರಿ ಎಲ್ಲ ಕೊಟ್ಟು, ಕಾರು ಹತ್ತುವ ಮುಂಚೆ ಅಲ್ಲಿನ ಹುಡುಗನನ್ನು ಪಕ್ಕಕ್ಕೆ ಕರೆದು ಹೇಳಿದರಂತೆ: “ಒಳ್ಳೇ ಮನೆಗೇ ಕೊಡಪ್ಪ. ಸರಿಯಾಗಿ ವಿಚಾರಿಸಿ ಕೊಡು. ಕೆಲವರು ಇರ್ತಾರೆ, ಆಸೆಗೆ ತಗೊಂಡು ಹೋಗಿ ಆಮೇಲೆ ಬಿಟ್ಟುಬಿಡ್ತಾರೆ.”