ಅಡುಗೆಮನೆಯ ಶಾಸನ

ಐವತ್ತೊಂದನೇ ವಯಸ್ಸಿನಲ್ಲಿ ನಾನು ಮತ್ತೆ ವಿದ್ಯಾರ್ಥಿನಿ ಆದೆ. ವಾರಕ್ಕೆ ಮೂರು ಸಂಜೆ ಆಫೀಸು ಮುಗಿಸಿ, ಚಾಮರಾಜಪೇಟೆಗೆ ಹೋಗಿ ಶಾಸನಶಾಸ್ತ್ರದ ತರಗತಿಯಲ್ಲಿ ಕೂರುತ್ತೇನೆ. ಸೇರಿದ ಮರುವಾರವೇ ನಮ್ಮ ಹನುಮಂತನಗರದ ಮನೆಯಲ್ಲಿ ರಿಪೇರಿ ಶುರುವಾಯಿತು. ಎರಡನ್ನೂ ಒಟ್ಟಿಗೆ ಯಾಕೆ ಹಚ್ಚಿಕೊಂಡೆ ಅಂತ ಕೇಳಬೇಡಿ. ಫೀಸು ಕಟ್ಟಿದ್ದು ನಾನು, ಮೇಸ್ತ್ರಿಗೆ ಅಡ್ವಾನ್ಸ್ ಕೊಟ್ಟದ್ದು ಇವರು. ಒಬ್ಬರನ್ನೊಬ್ಬರು ಕೇಳಿರಲಿಲ್ಲ, ಅಷ್ಟೆ.

ತರಗತಿಯಲ್ಲಿ ಹದಿನೆಂಟು ಜನ ಇದ್ದೇವೆ. ರಿಟೈರಾದ ಬ್ಯಾಂಕಿನವರು ಮೂವರು, ಸಾಫ್ಟ್‌ವೇರ್ ಹುಡುಗರು ಇಬ್ಬರು, ಒಬ್ಬರು ಅರ್ಚಕರು. ಎಲ್ಲರೂ ಒಗೆದ ಬಟ್ಟೆ ಹಾಕಿಕೊಂಡು ಬರುತ್ತಾರೆ. ನಾನೊಬ್ಬಳೇ ತಲೆಯಲ್ಲಿ ಸಿಮೆಂಟು, ಬ್ಯಾಗಿನಲ್ಲಿ ಸುಣ್ಣದ ಪುಡಿ ಹೊತ್ತು ತರುವವಳು. ಒಂದು ದಿನ ನೋಟ್‌ಬುಕ್ ಬಿಡಿಸಿದರೆ ಹಲ್ಮಿಡಿ ಶಾಸನದ ಪುಟದಿಂದ ಸಣ್ಣಗೆ ಮರಳು ಉದುರಿತು. ಪಕ್ಕದಲ್ಲಿ ಕೂತಿದ್ದ ಹುಡುಗ, "ಮೇಡಂ, ನೇರ ಉತ್ಖನನದಿಂದಲೇ ಬಂದ್ರಾ?" ಅಂದ.

ಹಳೆಯ ಕಲ್ಲು ಓದೋದು ಅಂದರೆ ಏನೋ ಮಂತ್ರವಿದ್ಯೆ ಅಂದುಕೊಂಡಿದ್ದೆ. ಅದರಲ್ಲಿ ಮುಕ್ಕಾಲು ಪಾಲು ಕಣ್ಣಿನ ಕೂಲಿ ಕೆಲಸ. ಹಳೆಗನ್ನಡ ಲಿಪಿಯಲ್ಲಿ ಮ ಯಾವುದು, ವ ಯಾವುದು ಅಂತ ತಿಳಿಯೋಕೆ ನನಗೆ ಒಂದು ತಿಂಗಳು ಹಿಡಿಯಿತು. ಮೇಷ್ಟ್ರು ಹೇಳಿಕೊಟ್ಟ ಮೊದಲ ಪಾಠ ಅಕ್ಷರದ್ದಲ್ಲ, ಬೆಳಕಿನದ್ದು. "ನಡುಮಧ್ಯಾಹ್ನ ಕಲ್ಲಿನ ಮುಂದೆ ನಿಲ್ಲಬೇಡಿ, ಏನೂ ಕಾಣಲ್ಲ. ಬೆಳಿಗ್ಗೆ ಬೇಗ ಹೋಗಿ, ಇಲ್ಲ ಸಂಜೆ ಹೋಗಿ." ಬಿಸಿಲು ನೆತ್ತಿಯ ಮೇಲಿದ್ದರೆ ಸವೆದ ಅಕ್ಷರ ಕಲ್ಲಿನ ಜೊತೆ ಒಂದಾಗಿಬಿಡುತ್ತದೆ. ಓರೆಯಾಗಿ ಬಿದ್ದರೆ ಪ್ರತಿ ಗೀರಿಗೂ ಒಂದು ನೆರಳು ಹುಟ್ಟುತ್ತದೆ. ಓದಬೇಕಾದ್ದು ಆ ನೆರಳನ್ನು. ಬಿಸಿಲಿಲ್ಲದ ಕಡೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೇ ಅಂಟಿಸಿ ಹಿಡಿದರೂ ಆಯಿತು.

ಎರಡನೇ ಪಾಠ ಲೆಕ್ಕದ್ದು. ಶಾಸನದಲ್ಲಿ ಶಕ ವರ್ಷ ಅಂತ ಇದ್ದರೆ 78 ಸೇರಿಸಿ, ಕ್ರಿಸ್ತಶಕ ಸಿಗುತ್ತದೆ. ಇದು ನನಗೆ ಮನೆಯಲ್ಲೇ ಜಾಸ್ತಿ ಉಪಯೋಗಕ್ಕೆ ಬಂತು. ನಮ್ಮ ಮೇಸ್ತ್ರಿ ಯಾದಗಿರಿ ಕಡೆಯವರು. ಮೊದಲ ದಿನ, "ಹದಿನೈದ್ ದಿನದಾಗ ಮುಗಿಸಿ ಕೊಡ್ತೀನ್ರಿ ಅಕ್ಕಾರ" ಅಂದಿದ್ದರು. ಅವರು ಹೇಳುವ ದಿನಕ್ಕೆ 78 ಸೇರಿಸಿದರೆ ಸರಿಯಾದ ತಾರೀಖು ಸಿಗುತ್ತದೆ. ಹಾಗಂತ ಅವರು ಸುಳ್ಳುಗಾರರಲ್ಲ. ಅವರ ಶಕೆ ಬೇರೆ, ನಮ್ಮ ಶಕೆ ಬೇರೆ.

ಕೆಲಸವೂ ಸಣ್ಣದಲ್ಲ ಬಿಡಿ. ಮನೆ ಕಟ್ಟಿಸಿದ್ದು ನಮ್ಮ ಮಾವನವರ ತಂದೆ. ಮದ್ರಾಸ್ ತಾರಸಿ, ಕೆಂಪು ಗಾರೆ ನೆಲ, ಒಂದೂವರೆ ಅಡಿ ದಪ್ಪದ ಗೋಡೆ. ಅಡುಗೆಮನೆಯ ಗಾರೆ ಉಬ್ಬಿಕೊಂಡು ನಿಂತಿತ್ತು, ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು ಬರುತ್ತಿತ್ತು. ಕೆಂಪು ನೆಲ ಉಳಿಸಿಕೊಳ್ಳೋಣ ಅಂತ ನಾನು ಹಟ ಹಿಡಿದೆ. ಈಗ ಎಲ್ಲರೂ ಹುಡುಕಿಕೊಂಡು ಹೋಗಿ ಹಾಕಿಸುವ ನೆಲ ಅದು, ಅಲ್ವಾ? ಇವರು ಟೈಲ್ಸ್ ಅಂದರು. ಅತ್ತೆ ನನ್ನ ಪರ ಇರುತ್ತಾರೆ ಅಂತ ನಂಬಿದ್ದೆ. "ಐವತ್ತು ವರ್ಷ ಆ ನೆಲಾನ ಉಜ್ಜಿದೋಳು ನಾನು. ಚೆಂದ ನೋಡಿದೋರು ನೀವು. ಟೈಲ್ಸ್ ಹಾಕ್ಸಿ" ಅಂದುಬಿಟ್ಟರು. ಅಲ್ಲಿಗೆ ಪರಂಪರೆಯ ರಕ್ಷಣೆ ಮುಗಿಯಿತು.

ಮನೆ ಮುಂದೆ ಒಂದು ಲೋಡು ಎಂ ಸ್ಯಾಂಡ್ ಸುರಿದ ದಿನವೇ ಬೀದಿಯ ಕರಿ ನಾಯಿ ಅದರ ಮೇಲೆ ಹತ್ತಿ ಮಲಗಿತು. ಆ ವಾರ ತರಗತಿಯಲ್ಲಿ ಆತಕೂರು ಶಾಸನ. ಕ್ರಿ.ಶ. 949-50ರದ್ದು. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ರಾಜ ಬೂತುಗ "ಏನು ಬೇಕೋ ಕೇಳು" ಅಂದರೆ, ಅವನು ಬೇಡಿದ್ದು ಕಾಳಿ ಅನ್ನುವ ನಾಯಿಯನ್ನು. ಆ ನಾಯಿ ಆಮೇಲೆ ಹಂದಿಯ ಮೇಲೆ ಬಿದ್ದು ಹೋರಾಡಿ ಸತ್ತಿತು, ಹಂದಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಕಲ್ಲು ಈಗ ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿದೆ, ಹೋದರೆ ನೋಡಿ. ನಮ್ಮ ಮರಳಿನ ಮೇಲಿನ ನಾಯಿಗೂ ಕಾಳಿ ಅಂತಲೇ ಹೆಸರಿಟ್ಟೆ. ಅದು ಹಂದಿಯ ತಂಟೆಗೆ ಹೋದದ್ದನ್ನು ಯಾರೂ ನೋಡಿಲ್ಲ. ಮೇಸ್ತ್ರಿಯ ಬುತ್ತಿಯ ಮೇಲೆ ಮಾತ್ರ ಎರಡು ಸಲ ದಾಳಿ ಮಾಡಿದೆ.

ಅಡ್ವಾನ್ಸ್ ತಗೊಂಡು ಫೋನ್ ಎತ್ತದ ಪ್ಲಂಬರ್ ಒಬ್ಬ ಇದ್ದ. ಅವನಿಗೆ ನಾನು ಶಾಸನದ ಕೊನೆಯ ಭಾಗ ಇಟ್ಟುಕೊಂಡಿದ್ದೆ. ದಾನಶಾಸನಗಳು ಸುಮ್ನೆ ಮುಗಿಯುವುದಿಲ್ಲ, ಕೊನೆಯಲ್ಲಿ ಶಾಪ ಇರುತ್ತದೆ. ತಾನು ಕೊಟ್ಟದ್ದಿರಲಿ, ಇನ್ನೊಬ್ಬರು ಕೊಟ್ಟದ್ದಿರಲಿ, ದಾನದ ಭೂಮಿ ಕಸಿದವನು 60,000 ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ. ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುತ್ತಾನೆ. ಸಾವಿರ ವರ್ಷದ ಹಿಂದಿನ ಜನಕ್ಕೂ ಕೊಟ್ಟ ಮಾತು ಉಳಿಯುತ್ತೆ ಅನ್ನುವ ಭರವಸೆ ಇರಲಿಲ್ಲ ಅಂತ ತಿಳಿದು ಸಮಾಧಾನವಾಯಿತು. ಪ್ಲಂಬರಿಗೆ ಈ ಶ್ಲೋಕ ವಾಟ್ಸಾಪ್ ಮಾಡೋಣ ಅಂದೆ. ಇವರು ಬೇಡ ಅಂದರು. ಕೊಳಾಯಿ ಇನ್ನೂ ಅರ್ಧ ಬಾಕಿ ಇತ್ತಲ್ಲ.

ಹಿತ್ತಲಿನ ಒಗೆಯುವ ಕಲ್ಲು ಕಿತ್ತ ದಿನ ನಾನು ರಜೆ ಹಾಕಿದ್ದೆ. ಕಾರಣ ಇದೆ. 2018ರಲ್ಲಿ ಹೆಬ್ಬಾಳದ ಮನೆಗಳ ನಡುವೆ ಕಿತ್ತಯ್ಯ ಅನ್ನುವ ವೀರನ ಕಲ್ಲು ಸಿಕ್ಕಿತಲ್ಲ, ಕ್ರಿ.ಶ. 750ರ ಸುಮಾರಿನದ್ದು. ಊರೂರಲ್ಲಿ ಶಾಸನದ ಕಲ್ಲುಗಳು ಹೊಸ್ತಿಲಾಗಿ, ಮೋರಿಯ ಚಪ್ಪಡಿಯಾಗಿ, ಒಗೆಯುವ ಕಲ್ಲಾಗಿ ಬೋರಲು ಬಿದ್ದಿರುವುದನ್ನು ಮೇಷ್ಟ್ರು ಹೇಳಿದ್ದರು. ನಮ್ಮ ಹಿತ್ತಲಿಗೆ ಏನು ಕಡಿಮೆ? ಮೂರು ಜನ ಹಾರೆ ಹಾಕಿ ಮಗುಚಿದರು. ನಾನು ತೆಂಗಿನ ನಾರಿನಲ್ಲಿ ಮಣ್ಣು ಉಜ್ಜಿ, ನೀರು ಹೊಯ್ದು, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದೆ. ಎದೆ ಧಸಕ್ಕೆಂದಿತು. ಅಂಚಿನ ಉದ್ದಕ್ಕೂ ಸಾಲಾಗಿ ಗುರುತುಗಳು! ಒಂದೇ ಅಳತೆ, ಒಂದೇ ಅಂತರ.

ಮೇಸ್ತ್ರಿ ಬೀಡಿ ಪಕ್ಕಕ್ಕಿಟ್ಟು ಬಗ್ಗಿ ನೋಡಿದರು. "ಕಲ್ಲು ಸೀಳೋ ಮುಂದ ಉಳಿ ಇಟ್ಟು ಹೊಡದಾರ್ರಿ. ಇಲ್ಲಿ ನೋಡ್ರಿ, ಈ ಕಡಿಂದ ಆ ಕಡಿ ಹೋಗ್ಯಾರ. ಕಡೀದು ಒಂದು ತಪ್ಪ್ಯಾದ." ಅವರು ಬೆರಳಿಟ್ಟ ಕಡೆ ಒಂದು ಗುಳಿ ಸಾಲು ಬಿಟ್ಟು ಆಚೆ ಹೋಗಿತ್ತು. ಟಾರ್ಚೇ ಇಲ್ಲದೆ ಅವರು ಓದಿಬಿಟ್ಟಿದ್ದರು.

ಅವರದ್ದೇ ಒಂದು ಬರಹ ನಡುಮನೆಯ ಗೋಡೆ ಮೇಲೆ ದಿನಾ ಬೆಳೆಯುತ್ತಿತ್ತು. ಪೆನ್ಸಿಲ್ಲಿನಲ್ಲಿ ನಾಲ್ಕು ಗೀಟು, ಅಡ್ಡಕ್ಕೆ ಒಂದು. ಪಕ್ಕದಲ್ಲಿ 7½. ಕೆಳಗೆ ಒಂದು ಸೊನ್ನೆ, ಅದರೊಳಗೆ ಚುಕ್ಕೆ. ಸಿಮೆಂಟು ಮೂಟೆಯೋ, ಆಳಿನ ಹಾಜರಿಯೋ, ಅಳತೆಯೋ ತಿಳಿಯದೆ ಎರಡು ದಿನ ತಲೆ ಕೆಡಿಸಿಕೊಂಡೆ. ಮೂರನೇ ದಿನ ಒದ್ದೆ ಬಟ್ಟೆ ಹಿಡಿದು ಹತ್ತಿರ ಹೋದರೆ ಸಾರವೆ ಮೇಲಿಂದಲೇ ಕೂಗಿದರು. "ಅಳಸಬ್ಯಾಡ್ರಿ ಅಕ್ಕಾರ! ನನ್ನ ಲೆಕ್ಕ ಅದ." ಚುಕ್ಕೆ ಇರುವ ಸೊನ್ನೆ ಅಂದರೆ ಅರ್ಧ ದಿನ ಬಂದ ಆಳು. ಪೂರ್ತಿ ದಿನಕ್ಕೆ ಗೀಟು. ಇಷ್ಟು ಸರಳ.

ಆದರೆ ನಾನು ಹೇಳಹೊರಟದ್ದು ಇನ್ನೊಂದು ಗೋಡೆಯ ಕಥೆ.

ಅಡುಗೆಮನೆಯ ಒಳಗೆ ಸಣ್ಣ ಉಗ್ರಾಣ ಇದೆ. ಅಲ್ಲಿ ಗೋಡೆಗೆ ಒರಗಿಸಿದ್ದ ಬೀಟೆ ಕಪಾಟನ್ನು ನಾಲ್ಕು ಜನ ಸೇರಿ ಸರಿಸಿದರು. ಅದನ್ನು ಅಲ್ಲಿ ಇಟ್ಟಾಗಿನಿಂದ ಆ ಜಾಗಕ್ಕೆ ಸುಣ್ಣ, ಡಿಸ್ಟೆಂಪರು ಏನೂ ತಾಗಿಲ್ಲ. ಸುತ್ತ ಹಸಿರು ಬಣ್ಣ, ನಡುವೆ ಕಪಾಟಿನ ಆಕಾರಕ್ಕೆ ಹಳೇ ಬಿಳಿ ಸುಣ್ಣ. ಆ ಬಿಳಿಯ ಮೇಲೆ, ನನ್ನ ಭುಜದ ಎತ್ತರಕ್ಕೆ, ಮಸುಕು ಮಸುಕಾಗಿ ಪೆನ್ಸಿಲ್ ಸಾಲುಗಳು. ಮೇಲ್ಗಡೆ 80 ಅಂತ ಬರೆದು ಅಡಿಗೆರೆ ಎಳೆದಿದೆ. ಅದರ ಕೆಳಗೆ:

ಸಿ. ಮು. 14-8
ಸಿ. ಮು. 27-9
ಸಿ. ಮು. 6-11
ಸಿ. ಮು. 19-12
ಸಿ. ಮು. 2-5

ಐದೂ ಒಂದೇ ಕೈಬರಹ. ಮು ಅಕ್ಷರದ ಕೊಂಬು ಸುಮ್ಮನೆ ನಿಲ್ಲದೆ, ಬಾಲದ ಹಾಗೆ ಕೆಳಗಿನ ಸಾಲಿನ ತನಕ ಇಳಿದಿದೆ. ನಾನು ಮಂಡಿಯೂರಿ ಕೂತು ನೋಟ್‌ಬುಕ್ಕಿಗೆ ಸಾಲುಗಳನ್ನು ಇಳಿಸಿಕೊಂಡೆ. ಪಡಿಯಚ್ಚು ತೆಗೆಯುವ ಹಾಗಿಲ್ಲ. ಅದಕ್ಕೆ ಕೆತ್ತಿದ ಅಕ್ಷರ ಬೇಕು. ಒದ್ದೆ ಕಾಗದ ಹಾಸಿ ಬ್ರಷ್ಷಿನಲ್ಲಿ ಬಡಿದರೆ ಕಾಗದ ಗುಳಿಗೆ ಇಳಿಯುತ್ತದೆ, ಆರುತ್ತಾ ಬಂದಾಗ ಮಸಿ ಒತ್ತಿದರೆ ಕಲ್ಲು ಕಪ್ಪಗೆ, ಅಕ್ಷರ ಬೆಳ್ಳಗೆ ಮೂಡುತ್ತದೆ. ಸುಣ್ಣದ ಮೇಲಿನ ಪೆನ್ಸಿಲ್ಲಿಗೆ ನೀರು ಸೋಕಿಸಿದರೆ ಬರಹವೇ ಮಾಯ.

ಏನಿದು ಸಿ. ಮು.? ಸಿದ್ದಯ್ಯ ಮುದ್ದಮ್ಮ? ಚೀಟಿ ಹಾಕಿದ ಹೆಸರುಗಳೇ? ಸಿಟಿ ಮುನಿಸಿಪಾಲಿಟಿಗೆ ಕಂದಾಯ ಕಟ್ಟಿದ ದಿನಗಳೇ? ಸಿಹಿ ಮುದ್ದೆ ಮಾಡಿದ ದಿನ ಅಂತ ಮಗಳು ಸೇರಿಸಿದಳು. ಕಲ್ಲಿನಲ್ಲಿ ಏನಿದೆಯೋ ಅದನ್ನು ಓದಿ, ನಿಮಗೆ ಬೇಕಾದ್ದನ್ನು ಓದಬೇಡಿ ಅಂತ ಮೇಷ್ಟ್ರು ಹೇಳುತ್ತಲೇ ಇರುತ್ತಾರೆ. ನಾನು ಅಷ್ಟರಲ್ಲಿ ಹರಕೆ, ವ್ರತ, ಸಿದ್ಧಿಯ ಮುಹೂರ್ತದ ತನಕ ಹೋಗಿದ್ದೆ.

ಅತ್ತೆ ಟೀ ಲೋಟ ಹಿಡಿದು ಬಂದು ಬಾಗಿಲಲ್ಲಿ ನಿಂತರು. ಕನ್ನಡಕ ಮೇಲಕ್ಕೆತ್ತಿ ನೋಡಿದರು.

"ಅಯ್ಯೋ, ಸಿಲಿಂಡರ್ ಮುಗಿದದ್ದು ಕಣೇ."

ಹೋಗಲಿ. ಸಿಲಿಂಡರ್ ಎಷ್ಟು ದಿನ ಬರುತ್ತೆ ಅಂತ ಲೆಕ್ಕ ಇಡೋಕೆ ಬರೆಯುತ್ತಿದ್ದರಂತೆ. ಎರಡು ಸಾಲಿನ ನಡುವೆ ನಲವತ್ತು, ನಲವತ್ತನಾಲ್ಕು ದಿನ, ಸರಿಯಾಗಿದೆ. ಆದರೆ ಕೊನೆಯ ಎರಡು? ಡಿಸೆಂಬರ್ 19ರಿಂದ ಮೇ 2. ನಾಲ್ಕೂವರೆ ತಿಂಗಳು ಒಂದು ಸಿಲಿಂಡರ್ ಬರುತ್ತದೆಯೇ? "ಅತ್ತೆ, ನಡುವೆ ಬರೆಯೋದು ಮರೆತಿರಾ?"

ಅತ್ತೆ ಲೋಟ ಕೆಳಗಿಟ್ಟರು.

"ಮರೆಯೋದೇನು? ಗ್ಯಾಸೇ ಇರಲಿಲ್ಲ. ನಿಮ್ಮ ಮಾವನ ಕಾರ್ಖಾನೆ ಮುಷ್ಕರ."

ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಗಳೆಲ್ಲ ನಿಂತ ಮುಷ್ಕರ ಅದು. 1980ರ ಡಿಸೆಂಬರ್ ಕೊನೆಯಿಂದ 81ರ ಮಾರ್ಚ್ ತನಕ, 77 ದಿನ. ನಾನು ಅದನ್ನು ಎಲ್ಲೋ ಓದಿದ್ದೆ. ಓದಿದ್ದರಲ್ಲಿ ಒಕ್ಕೂಟಗಳು, ವೇತನ ಒಪ್ಪಂದ, ಮಾತುಕತೆ ಎಲ್ಲಾ ಇತ್ತು. ಸಿಲಿಂಡರ್ ಇರಲಿಲ್ಲ.

"ಬುಕ್ ಮಾಡಿದ್ವಿ. ಆಗೆಲ್ಲ ಕಾಯಬೇಕಿತ್ತಲ್ಲ. ಅದು ಬಾಗಿಲಿಗೆ ಬರೋ ಹೊತ್ತಿಗೆ ಸಂಬಳ ನಿಂತಿತ್ತು. ಇನ್ನೊಂದು ಸಲ ತಗೊಂಬಾಪ್ಪ ಅಂತ ವಾಪಸ್ ಕಳಿಸಿದೆ. ಮನೆಯವರು ಊರಲ್ಲಿಲ್ಲ ಅಂತ ಹೇಳಿದೆ. ಇವರು ಒಳಗೇ ಕೂತಿದ್ರು." ಆಮೇಲೆ ಸೀಮೆಎಣ್ಣೆ ಸ್ಟವ್. ಅದರ ಮಸಿ ಹಿಡಿದ ಪಾತ್ರೆ ಉಜ್ಜಿದ ಕಥೆ, ರೇಷನ್ ಕ್ಯೂನಲ್ಲಿ ಇವರನ್ನು ಸೊಂಟದ ಮೇಲೆ ಎತ್ತಿಕೊಂಡು ನಿಂತ ಕಥೆ. ಇವರಿಗೆ ಆಗ ಮೂರು ವರ್ಷ, ಏನೂ ನೆನಪಿಲ್ಲ. ಮುಷ್ಕರ ಮುಗಿದು ಮೊದಲ ಸಂಬಳ ಬಂದ ಮೇಲೆ ಅತ್ತೆ ಮೊದಲು ತರಿಸಿದ್ದು ಸಿಲಿಂಡರ್. ಅದು ಮುಗಿದದ್ದು ಮೇ 2ಕ್ಕೆ.

ನಾನು ಗೋಡೆ ಕಡೆ ನೋಡಿದೆ. 19-12ಕ್ಕೂ 2-5ಕ್ಕೂ ನಡುವೆ ಇರುವ ಜಾಗ ಒಂದು ಬೆರಳಿನಷ್ಟು, ಬೇರೆ ಸಾಲುಗಳ ನಡುವೆ ಇರುವಷ್ಟೇ.

ಅಷ್ಟು ಭಾಗವನ್ನು ಹಾಗೇ ಬಿಡಿಸೋಣ, ಸುತ್ತ ಮರದ ಚೌಕಟ್ಟು ಹೊಡೆಸೋಣ ಅಂದೆ. ಅತ್ತೆ ನಕ್ಕುಬಿಟ್ಟರು. "ಸಿಲಿಂಡರ್ ಲೆಕ್ಕಕ್ಕೆ ಚೌಕಟ್ಟು! ಬಂದೋರು ಏನಂದ್ಕೋತಾರೆ? ಬಳಿಸು ಸುಮ್ನೆ." ಫೋಟೋ ತೆಗೆದುಕೊಂಡೆ. ಟಾರ್ಚನ್ನು ಎಷ್ಟು ಓರೆಯಾಗಿ ಹಿಡಿದರೂ ಪೆನ್ಸಿಲ್ಲಿಗೆ ನೆರಳಿಲ್ಲ, ಮಸುಕಾಗಿಯೇ ಬಂತು.

ಪೇಂಟಿಂಗಿನವರು ಬಂದಾಗ ಮೇಸ್ತ್ರಿಯ ಕೆಲಸ ಮುಗಿದಿತ್ತು. ಹೋಗುವ ಮುಂಚೆ ನಡುಮನೆಯ ಗೀಟುಗಳನ್ನೆಲ್ಲ ಎಣಿಸಿ, ಇವರ ಹತ್ತಿರ ದುಡ್ಡು ಎಣಿಸಿಕೊಂಡು, ಆಮೇಲೆ "ಈಗ ಅಳಸ್ರಿ" ಅಂದಿದ್ದರು. ಪೇಂಟರ್ ಹುಡುಗ ಪುಟ್ಟಿ ಬಳಿದ. ಒಣಗಿದ ಮೇಲೆ ವೈರಿಗೆ ಸಿಕ್ಕಿಸಿದ ಬಲ್ಬನ್ನು ಗೋಡೆಗೆ ಅಂಟಿಸಿ ಹಿಡಿದು, ಕೆನ್ನೆಯನ್ನೂ ಗೋಡೆಗೆ ತಾಗಿಸಿ ನೋಡತೊಡಗಿದ. ಎಲ್ಲಿ ಉಬ್ಬು, ಎಲ್ಲಿ ತಗ್ಗು ಅಂತ ನೆರಳಲ್ಲೇ ಹಿಡಿದು ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿದ. ಯಾವ ಮೇಷ್ಟ್ರ ಹತ್ತಿರ ಕಲಿತೆ ಅಂತ ಕೇಳಿದೆ. ಅವನಿಗೆ ಅರ್ಥ ಆಗಲಿಲ್ಲ.

ಉಗ್ರಾಣಕ್ಕೆ ಎರಡು ಕೋಟು ಕೆನೆ ಬಣ್ಣ. ಇವರು ಬಿಲ್ ನೋಡಿಕೊಂಡು, ಈ ಗೋಡೆಗೆ ಯಾರಾದರೂ ಮೊಳೆ ಹೊಡೆದರೆ, ಗೀಚಿದರೆ ನಿನ್ನ 60,000 ವರ್ಷದ ಹುಳುವೇ ಗತಿ ಅಂತ ಘೋಷಿಸಿದರು.

ಹೋದ ಗುರುವಾರ ತರಗತಿ ಮುಗಿಸಿ ಬರುವಾಗ ಒಂಬತ್ತು ಗಂಟೆ. ಸಾರು ಬಿಸಿ ಮಾಡೋಣ ಅಂತ ಒಲೆ ಹಚ್ಚಿದರೆ ಹೊಸ ಸಿಲಿಂಡರ್ ವಾಸನೆ. ಅವಲಕ್ಕಿ ಡಬ್ಬಿ ತರಲು ಉಗ್ರಾಣದ ದೀಪ ಹಾಕಿದೆ. ಕೆನೆ ಗೋಡೆಯ ಮೇಲೆ, ಬಾಗಿಲ ಹಿಂದೆ, ಯಾರಿಗೂ ಕಾಣಬಾರದು ಅನ್ನುವಷ್ಟು ಸಣ್ಣದಾಗಿ ಒಂದು ಸಾಲು. ಕೈ ಸ್ವಲ್ಪ ನಡುಗಿದೆ. ಮು ಅಕ್ಷರದ ಕೊಂಬು ಮಾತ್ರ ಬಾಲದ ಹಾಗೆ ಕೆಳಗಿನ ತನಕ ಇಳಿದಿದೆ.