ಸ್ಪಷ್ಟನೆ: ಕೆನಡಾದಲ್ಲಿ ಅದು ಮುಗಿದ ಕಥೆಯಲ್ಲ

‘ಕೆನಡಾದ ವಸತಿ ಶಾಲೆಗಳು 1990ರ ದಶಕದಲ್ಲೇ ಮುಚ್ಚಿದವು, ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಒಯ್ಯುವುದೂ ಅಲ್ಲಿಗೇ ನಿಂತಿತು’ ಎಂಬ ಮಾತು ಹರಿದಾಡುತ್ತಿದೆ. ಮೊದಲರ್ಧ ಸರಿ. ಉಳಿದದ್ದು ತಪ್ಪು. ಈ ಶಾಲೆಗಳೆಂದರೆ, ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಒಯ್ದು, ಅವರ ಭಾಷೆ, ಸಂಸ್ಕೃತಿ ಮರೆಸಲೆಂದು ಸರ್ಕಾರ ಮತ್ತು ಚರ್ಚ್‌ಗಳು ನಡೆಸಿದ ಶಾಲೆಗಳು.

1973ರಲ್ಲಿ ಆರು ವರ್ಷದ ಮೂಲನಿವಾಸಿ ಹುಡುಗಿ ಫಿಲಿಸ್ ವೆಬ್‌ಸ್ಟಾಡ್, ಅಜ್ಜಿ ಕೊಡಿಸಿದ ಹೊಸ ಕಿತ್ತಳೆ ಅಂಗಿ ತೊಟ್ಟು ಅಂಥ ಶಾಲೆಗೆ ಹೋದಳು. ಮೊದಲ ದಿನವೇ ಅದನ್ನು ಬಿಚ್ಚಿಸಿಕೊಂಡರು. ವಾಪಸ್ ಕೊಡಲೇ ಇಲ್ಲ. ಎಂಥಾ ಸಂಕಟ ಅಲ್ವಾ?

ಈಗ 2021ರ ಜನಗಣತಿ ನೋಡಿ. 15 ವರ್ಷದೊಳಗಿನ ಮಕ್ಕಳಲ್ಲಿ ಮೂಲನಿವಾಸಿಗಳು ಶೇ. 7.7. ಹೆತ್ತವರಿಂದ ಬೇರ್ಪಡಿಸಿ ಬೇರೆ ಕುಟುಂಬಗಳ ಆರೈಕೆಗೆ ಒಪ್ಪಿಸುವ ಸಾಕುಮನೆಗಳಲ್ಲಿರುವ ಮಕ್ಕಳಲ್ಲಿ ಶೇ. 53.8! ಹೆತ್ತವರೆಲ್ಲ ಹೊಡೆದರು ಅಂತಲ್ಲ. ಬಡತನ, ಇಕ್ಕಟ್ಟಾದ ಮನೆಯನ್ನೇ ಅಧಿಕಾರಿಗಳು ಎಷ್ಟೋ ಸಲ ‘ನಿರ್ಲಕ್ಷ್ಯ’ ಎಂದು ಬರೆದುಕೊಂಡರು.

ಬಡತನವೊಂದನ್ನೇ ಕಾರಣ ಮಾಡಿ ಮಗುವನ್ನು ಒಯ್ಯುವಂತಿಲ್ಲ ಎಂಬ ಕಾನೂನು 2020ರ ಜನವರಿಯಲ್ಲಷ್ಟೇ ಜಾರಿಗೆ ಬಂತು. 2024ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಕಾನೂನನ್ನು ಎತ್ತಿಹಿಡಿಯಿತು.